ತೂಬು ಎಲ್ಲಿರಬೇಕು?

(ಅರಕೆರೆಯಲ್ಲಿ ಓದಿದ ದತ್ತಿ ಉಪನ್ಯಾಸ)



ಉಪನ್ಯಾಸಕ್ಕೆ ವಿಷಯವನ್ನು ನಾನೇ ಆರಿಸಿಕೊಳ್ಳಬಹುದೆಂಬ ಔದಾರ್ಯದ ಮಾತು ಆಹ್ವಾನಪತ್ರದಲ್ಲಿದ್ದುದರಿಂದ, ಸಾಹಿತ್ಯವನ್ನೋ ಇತಿಹಾಸವನ್ನೋ ಅರೆಬರೆಯಾಗಿ ಕೆದಕಿ ನಿಮ್ಮ ಕಾಲವನ್ನು ಹಾಳುಮಾಡುವುದಕ್ಕಿಂತ, ಮೂವತ್ತು ವರ್ಷಕಾಲ ನನಗೆ ಅನ್ನವಿತ್ತ ವೃತ್ತಿಯನ್ನು ಕುರಿತು, ಎಂದರೆ ತಂತ್ರಾಂಶವನ್ನು ರಚಿಸುವ ಕೆಲಸವನ್ನು ಕುರಿತು, ನಾಲ್ಕು ಮಾತುಗಳನ್ನಾಡುವುದೇ ಲೇಸೆಂದು ಬಗೆದೆನು. ಬಗೆದದ್ದೇನೋ ಸುಲಭವಾಯಿತು. ಆ ಸಂಗತಿಯನ್ನು ಮನೆಯಲ್ಲಿ ಹೇಳಿದಾಗ ನನ್ನ ಚಿಕ್ಕಪ್ಪ, ಎಂಬತ್ತು ದಾಟಿದ ಮೇಲೂ ಬೆಳಗಾಗೆದ್ದು ಗದ್ದೆಯ ಬದುವನ್ನೊಮ್ಮೆ ಸುತ್ತಿ ಬಾರದೆ ಕಾಫಿ ಮುಟ್ಟದವರು, ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿ, "ಅಲ್ಲ ಕಣ್ಲಾ, ಮನೆಗಾದ್ರೆ ನಕ್ಸೆ ಬೇಕು, ಕಟ್ಟೆಗಾದ್ರೆ ನಕ್ಸೆ ಬೇಕು. ಕಣ್ಗೇ ಕಾಣ್ದೆ ಇರೋದ್ಕೆ ಯಾತರ ನಕ್ಸೆ?" ಎಂದು ಕೇಳಿದರು. ಈ ಪ್ರಶ್ನೆಗೆ ಪುಸ್ತಕಗಳಲ್ಲಿ ಉತ್ತರವಿಲ್ಲದೆ ಇಲ್ಲ; ಆದರೆ ಪುಸ್ತಕದ ಉತ್ತರ ಚಿಕ್ಕಪ್ಪನವರಿಗೆ ರುಚಿಸುವಂತಹುದಲ್ಲವೆಂಬುದು ನನಗೆ ಅನುಭವದಿಂದ ಗೊತ್ತಿದ್ದುದರಿಂದ ಆ ಹೊತ್ತು ಸುಮ್ಮನಾದೆನು. ಅವರು ಈಗ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅಂದು ಕೊಡಲಾರದೆ ಹೋದ ಉತ್ತರವನ್ನು ಇಂದು ಸ್ವಲ್ಪ ವಿಸ್ತಾರವಾಗಿ ಕೊಡಲು ಯತ್ನಿಸುತ್ತೇನೆ.

ನಮ್ಮ ಸೀಮೆಯಲ್ಲಿ ನೀರು ಗದ್ದೆಗೆ ಬರುವ ಬಗೆಯನ್ನು ನಿಮಗೆ ನಾನು ವರ್ಣಿಸುವುದು ಹಾಸ್ಯಾಸ್ಪದವಾದೀತು. ಕನ್ನಂಬಾಡಿಯ ಕಟ್ಟೆಯಲ್ಲಿ ನಿಂತ ಕಾವೇರಿಯ ನೀರು ನಾಲೆಗಿಳಿದು, ನಾಲೆಯಿಂದ ಹಂಚುಗಾಲುವೆಗೆ ಹೊರಳಿ, ತೂಬನ್ನು ದಾಟಿ, ಬಯಲಿನ ಕಾಲುವೆಯಲ್ಲಿ ಹರಿದು, ಕೊನೆಗೆ ಒಬ್ಬೊಬ್ಬ ರೈತನು ತನ್ನ ಬದುವಿನಲ್ಲಿ ತೆಗೆದ ಮಡೆಯ ಮೂಲಕ ಅವನವನ ಗದ್ದೆಯನ್ನು ಸೇರುತ್ತದೆ. ಈ ಸರಣಿಯಲ್ಲಿ ಪ್ರವಾಸಿಗಳು ನೋಡಿ ಬೆರಗಾಗುವುದು ಅಣೆಕಟ್ಟನ್ನು. ನನಗೆ ಹೆಚ್ಚು ಸೋಜಿಗವಾಗಿ ತೋರುವುದು ತೂಬು. ಏಕೆಂದರೆ ತೂಬಿನ ಈಚೆಗಿರುವ ರೈತನಿಗೆ, ಕಟ್ಟೆಯಲ್ಲಿ ಎಷ್ಟು ಬಾಗಿಲುಗಳನ್ನು ಎತ್ತಿದರು, ನಾಲೆಯ ತಳಕ್ಕೆ ಕಲ್ಲು ಹಾಸಿದೆಯೇ ಮಣ್ಣೇ ಇದೆಯೇ ಎಂಬುದು ತಿಳಿಯಬೇಕಾದ ವಿಷಯವೇ ಅಲ್ಲ. ಕಟ್ಟುನೀರಿನ ಸರದಿಯ ದಿನ ಈ ತೂಬಿನಲ್ಲಿ ಇಷ್ಟು ನೀರು ಬರುತ್ತದೆಂಬ ಭರವಸೆಯೊಂದೇ ಅವನಿಗೆ ಸಾಕು. ತೂಬಿನ ಆಚೆಗಿರುವ ಎಂಜಿನಿಯರನಿಗೂ ಹಾಗೆಯೇ. ಯಾವ ಮಡಿಯಲ್ಲಿ ಯಾರು ಯಾವ ತಳಿಯ ನಾಟಿ ಮಾಡಿದ್ದಾರೆಂದು ಅವನು ಒಂದೊಂದನ್ನೂ ಬಲ್ಲವನಾಗಬೇಕಿಲ್ಲ. ಈ ಪರಸ್ಪರ ಅಜ್ಞಾನವನ್ನು ನೀವು ದೋಷವೆಂದು ಎಣಿಸಬಾರದು. ಅದಿರುವುದರಿಂದಲೇ ಇಲಾಖೆಯವರು ನಾಲೆಯನ್ನು ಆಧುನೀಕರಣ ಮಾಡಬಲ್ಲರು, ರೈತನು ಬತ್ತವನ್ನು ಬಿಟ್ಟು ಕಬ್ಬನ್ನು ಹಾಕಬಲ್ಲನು. ಒಬ್ಬನ ಬದಲಾವಣೆಗೆ ಇನ್ನೊಬ್ಬನು ತನ್ನ ಮನೆಯನ್ನು ಕೆಡವಬೇಕಾಗುವುದಿಲ್ಲ. ಚಿಕ್ಕದೇವರಾಯಸಾಗರ ನಾಲೆಯನ್ನು ನೋಡಿರಿ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದ್ದು ಅದು. ಮುನ್ನೂರು ವರ್ಷಗಳಲ್ಲಿ ದೊರೆಗಳು ಬದಲಾದರು, ಬಿತ್ತನೆಯ ತಳಿಗಳು ಬದಲಾದವು, ಸಿಮೆಂಟು ಬಂದಿತು, ಜನ ಅದನ್ನು ಸಿ.ಡಿ.ಎಸ್. ನಾಲೆಯೆಂದು ಕರೆಯಲಾರಂಭಿಸಿದರು, ನಾಲೆಗೂ ಗದ್ದೆಗೂ ನಡುವಣ ಒಪ್ಪಂದ ಮಾತ್ರ ಹಾಗೆಯೇ ಉಳಿಯಿತು.

ತಂತ್ರಾಂಶದಲ್ಲಿ ಈ ತೂಬಿಗೆ ಇಂಟರ್‌ಫೇಸ್ ಎಂದು ಹೆಸರು. ಒಂದು ದೊಡ್ಡ ಪ್ರೋಗ್ರಾಮನ್ನು ಹಲವು ಮಾಡ್ಯೂಲುಗಳಾಗಿ ವಿಭಾಗಿಸಬೇಕೆಂಬುದನ್ನು ಎಲ್ಲರೂ ಮೊದಲ ವರ್ಷದಲ್ಲಿಯೇ ಕಲಿಯುತ್ತಾರೆ. ಎಲ್ಲಿ ವಿಭಾಗಿಸಬೇಕು ಎಂಬುದೇ ಗಹನವಾದ ಪ್ರಶ್ನೆ. 1972ರಲ್ಲಿ ಡೇವಿಡ್ ಪಾರ್ನಸ್ ಎಂಬ ವಿದ್ವಾಂಸರು ಬರೆದ ಆರೇಳು ಪುಟಗಳ ಪ್ರಬಂಧವೊಂದು ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಅವರು ಆರಿಸಿಕೊಂಡದ್ದು ತೀರ ಸಣ್ಣ ಉದಾಹರಣೆ: ಹಲವಾರು ಸಾಲುಗಳನ್ನು ಓದಿಕೊಂಡು, ಪ್ರತಿಯೊಂದು ಸಾಲಿನ ಮೊದಲ ಪದವನ್ನು ಕೊನೆಗೆ ಸರಿಸುತ್ತ ಸರಿಸುತ್ತ ಅದರ ಎಲ್ಲ ಆವರ್ತನೆಗಳನ್ನೂ ಹುಟ್ಟಿಸಿ, ಅಕಾರಾದಿಯಾಗಿ ಜೋಡಿಸಿ ಅಚ್ಚುಮಾಡುವ ಪ್ರೋಗ್ರಾಮು. ಇದನ್ನು ಕೆಲಸದ ಕ್ರಮಕ್ಕೆ ಅನುಸಾರವಾಗಿ, ಮೊದಲು ಓದುವುದು, ಆಮೇಲೆ ಸರಿಸುವುದು, ಅನಂತರ ಜೋಡಿಸುವುದು ಎಂದು ಹೋಳುಮಾಡಬಹುದು. ಬಹುಮಂದಿ ಮಾಡುವುದೂ ಹೀಗೆಯೇ. ಅಥವಾ, ಮುಂದೆ ಬದಲಾಗುವ ಸಂಭವವಿರುವ ನಿರ್ಧಾರ ಯಾವುದು ಎಂದು ಕೇಳಿ, ಅಂತಹ ಒಂದೊಂದು ನಿರ್ಧಾರವನ್ನೂ ಒಂದೊಂದು ಮಾಡ್ಯೂಲಿನ ಒಡಲಿನಲ್ಲಿ ಬಚ್ಚಿಡಬಹುದು. ಎರಡು ವಿಧದಲ್ಲಿಯೂ ಪ್ರೋಗ್ರಾಮು ಓಡುತ್ತದೆ, ಉತ್ತರವೂ ಒಂದೇ. ಆದರೆ ಸಾಲುಗಳನ್ನು ನೆನಪಿನಲ್ಲಿ ಇಡುವ ರೀತಿಯನ್ನು ನಾಳೆ ಬದಲಿಸಬೇಕಾಗಿ ಬಂದರೆ, ಮೊದಲನೆಯದರಲ್ಲಿ ಎಲ್ಲ ಹೋಳುಗಳನ್ನೂ ಬಿಚ್ಚಬೇಕು, ಎರಡನೆಯದರಲ್ಲಿ ಒಂದನ್ನು ಮಾತ್ರ. ನನ್ನ ಇಂದಿನ ಮಾತೆಲ್ಲ ಈ ವಿವೇಕದ ಸುತ್ತ ಸುತ್ತುವಂತಹುದು: ಬದಲಾಗುವುದಕ್ಕೂ ಬದಲಾಗದುದಕ್ಕೂ ನಡುವೆ ತೂಬನ್ನಿಡುವುದು.

ತೂಬನ್ನು ತಪ್ಪಿಸಿ ನಾಲೆಯ ಏರಿಗೆ ರಾತ್ರೋರಾತ್ರಿ ಪೈಪನ್ನು ಹಾಯಿಸುವವರೂ ಲೋಕದಲ್ಲಿ ಉಂಟು. ಅವರಿಗೆ ನೀರು ಬೇಗ ಸಿಕ್ಕುತ್ತದೆ, ಅದು ಸುಳ್ಳಲ್ಲ. ಕೊನೆಭಾಗದ ಬಯಲಿಗೆ ನೀರು ತಲುಪದೆ ಹೋಗುವುದೂ, ನಾಲೆಯ ದುರಸ್ತಿಗೆ ಬಂದವರು ಕಾಣದ ಪೈಪನ್ನು ಹಾರೆಯಿಂದ ಒಡೆದುಹಾಕುವುದೂ ಆಮೇಲಿನ ಕಥೆ. ಇನ್ನೊಂದು ಮಾಡ್ಯೂಲಿನ ಡೇಟಾಬೇಸಿಗೆ ನೇರವಾಗಿ ಕೈಹಾಕುವ ಪ್ರೋಗ್ರಾಮರನನ್ನು ನಾನು ಇದುವರೆಗೆ ಇದಕ್ಕಿಂತ ಚೆನ್ನಾಗಿ ವರ್ಣಿಸಲಾರದವನಾಗಿದ್ದೇನೆ.

ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆಯನ್ನು ನೀವು ನೋಡಿಯೇ ಇದ್ದೀರಿ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಹೊಳೆಯ ಕವಲಿನ ಮೇಲೆ ಕಟ್ಟಿದ ಮೇಲ್ಗಾಲುವೆಯಿಂದ ಆ ನಾಲೆಯ ನೀರನ್ನು ದ್ವೀಪದೊಳಕ್ಕೆ ಸಾಗಿಸಿದರು. ಕೆಳಗೆ ಹರಿಯುವುದೂ ಕಾವೇರಿ, ಮೇಲೆ ಹರಿಯುವುದೂ ಕಾವೇರಿ. ಒಂದೇ ನೀರು, ಒಂದೇ ಎಡೆ, ಆದರೆ ಒಂದರ ಮಟ್ಟ ಇನ್ನೊಂದರದಲ್ಲ, ಒಂದರ ಉದ್ದೇಶ ಇನ್ನೊಂದರದಲ್ಲ, ಎರಡೂ ಎಲ್ಲಿಯೂ ಬೆರೆಯುವುದಿಲ್ಲ. ತಂತ್ರಾಂಶದಲ್ಲಿ ಸ್ತರಗಳು ಎಂದು ಹೇಳುತ್ತಾರಲ್ಲ, ಅದನ್ನು ವಿದ್ಯಾರ್ಥಿಗಳಿಗೆ ಕಪ್ಪುಹಲಗೆಯ ಮೇಲೆ ಪೆಟ್ಟಿಗೆಯ ಮೇಲೆ ಪೆಟ್ಟಿಗೆಯನ್ನು ಬರೆದು ತೋರಿಸುವ ಬದಲು ಒಂದು ಸಂಜೆ ಆ ಸ್ಥಳಕ್ಕೆ ಕರೆದುಕೊಂಡು ಹೋದರೆ ಸಾಕೆಂದು ನನಗೆ ಅನೇಕ ಸಲ ಅನ್ನಿಸಿದೆ.

ಸ್ತರಗಳ ಮಾತು ಬಂದಿತಾದ್ದರಿಂದ, ನಮ್ಮ ಮನೆಯದೇ ಆದ ಒಂದು ದೃಷ್ಟಾಂತವನ್ನು ಸಾವಧಾನವಾಗಿ ನೋಡೋಣ. ಕನ್ನಡಿಗರ ಪಾಲಿಗೆ ತಂತ್ರಾಂಶರಚನೆಯ ಅತಿ ದೊಡ್ಡ ಪಾಠ ಬೆಂಗಳೂರಿನ ಗಾಜಿನ ಸೌಧಗಳಲ್ಲಿ ನಡೆಯಲಿಲ್ಲ, ಅಚ್ಚುಕೂಟಗಳಲ್ಲಿ ಮತ್ತು ಕಚೇರಿಗಳ ಬೆರಳಚ್ಚುಗಾರರ ಮೇಜುಗಳಲ್ಲಿ ನಡೆಯಿತು. ಕನ್ನಡದ ಅಕ್ಷರವನ್ನು ಕಂಪ್ಯೂಟರಿನೊಳಗೆ ಇಡುವುದು ಹೇಗೆ ಎಂಬುದೇ ಆ ಪಾಠ.

ಆ ಕಾಲದ ಯಂತ್ರಗಳಲ್ಲಿ ಒಂದು ಫಾಂಟಿಗೆ 256 ಸ್ಥಾನಗಳಿದ್ದವು. ಸೀಸದ ಮೊಳೆಗಳನ್ನು ಕೂಡಿಸಿ ಕನ್ನಡವನ್ನು ಅಚ್ಚುಮಾಡಿ ಪಳಗಿದ್ದ ನಮ್ಮ ಜನಕ್ಕೆ ಸಹಜವಾಗಿಯೇ ಹೊಳೆದ ಮಾರ್ಗವೆಂದರೆ, ತಲೆಕಟ್ಟು, ಗುಡಿಸು, ಕೊಂಬು, ಒತ್ತು, ಅರ್ಕಾವತ್ತು ಎಂದು ಕಣ್ಣಿಗೆ ಕಾಣುವ ಆಕಾರಗಳನ್ನೆಲ್ಲ ಬಿಡಿಬಿಡಿಯಾಗಿ ಕತ್ತರಿಸಿ, ಒಂದೊಂದಕ್ಕೂ ಒಂದೊಂದು ಸಂಖ್ಯೆಯನ್ನು ಕೊಟ್ಟು, ಇಂಗ್ಲಿಷಿನ ಅಕ್ಷರಗಳಿರುತ್ತಿದ್ದ ಮನೆಗಳಲ್ಲಿ ಕೂರಿಸುವುದು. ಪುಟ ಸುಂದರವಾಗಿ ಅಚ್ಚಾಯಿತು. ಮದುವೆಯ ಕರೆಯೋಲೆಯಿಂದ ಹಿಡಿದು ವಿಶ್ವವಿದ್ಯಾನಿಲಯದ ಗ್ರಂಥದವರೆಗೆ ಎಲ್ಲವೂ ಈ ಮಾರ್ಗದಲ್ಲಿ ಹೊರಬಂದವು. ಆದರೆ ಕಡತದಲ್ಲಿ ಉಳಿದದ್ದು ಭಾಷೆಯಲ್ಲ, ಚಿತ್ರದ ಚೂರುಗಳು. ಒಬ್ಬೊಬ್ಬ ಫಾಂಟು ತಯಾರಕನು ಆ ಚೂರುಗಳಿಗೆ ತನ್ನದೇ ಆದ ಸಂಖ್ಯೆಗಳನ್ನು ಕೊಟ್ಟಿದ್ದುದರಿಂದ, ಒಂದು ಊರಿನಲ್ಲಿ ಬೆರಳಚ್ಚಾದ ಲೇಖನ ಇನ್ನೊಂದು ಊರಿನ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತಿತ್ತು. ಪದವನ್ನು ಹುಡುಕುವುದು ದುಸ್ತರ, ಅಕಾರಾದಿಯಾಗಿ ಜೋಡಿಸುವುದು ಇನ್ನೂ ದುಸ್ತರ. 'ಸೂರ್ಯ' ಎಂಬ ಪದದಲ್ಲಿ ಕಿವಿಗೆ ರಕಾರ ಮೊದಲು ಕೇಳಿಸಿ ಯಕಾರ ಆಮೇಲೆ ಕೇಳಿಸಿದರೂ, ಅರ್ಕಾವತ್ತನ್ನು ಯಕಾರದ ಅನಂತರ ಬರೆಯುವ ರೂಢಿಯಿರುವುದರಿಂದ, ಕಡತದಲ್ಲಿಯೂ ಅದು ಹಿಂದಾಗಿಯೇ ಕುಳಿತಿರುತ್ತಿತ್ತು. ಕಣ್ಣಿಗೆ ಬೇಕಾದ ನಿರ್ಧಾರವೊಂದು ನೆನಪಿನ ಒಳಕ್ಕೆ ಸೋರಿತ್ತು, ತೂಬಿಲ್ಲದ ನಾಲೆ.

ಇದೇ ಹೊತ್ತಿನಲ್ಲಿ ಇನ್ನೊಂದು ಮಾರ್ಗವೂ ಸಿದ್ಧವಾಗುತ್ತಿತ್ತು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಂಕೇತಪದ್ಧತಿಯನ್ನು ರೂಪಿಸುವ ಯತ್ನ 1980ರ ದಶಕದಲ್ಲಿ ನಡೆದು, 1991ರಲ್ಲಿ ಇಸ್ಕಿ ಎಂಬ ಹೆಸರಿನಿಂದ ರಾಷ್ಟ್ರೀಯ ಮಾನಕವಾಯಿತು. ಅದರ ತಿರುಳಿಷ್ಟೇ: ಕಡತದಲ್ಲಿ ಉಚ್ಚಾರಣೆಯ ಕ್ರಮದಲ್ಲಿ ವರ್ಣಗಳನ್ನು ಇಡು, ಅವು ಕಾಗದದ ಮೇಲೆ ಯಾವ ಆಕಾರವನ್ನು ತಾಳಬೇಕೆಂಬುದನ್ನು ಬರೆಯುವ ಕ್ಷಣದಲ್ಲಿ ಫಾಂಟು ನಿರ್ಧರಿಸಲಿ. 'ಸೂರ್ಯ' ಎಂದರೆ ಸಕಾರ, ದೀರ್ಘ ಊಕಾರದ ಚಿಹ್ನೆ, ರಕಾರ, ಸ್ವರಲೋಪದ ಚಿಹ್ನೆ, ಯಕಾರ, ಹೀಗೆ ಐದು ಸಂಕೇತಗಳು. ಅರ್ಕಾವತ್ತೆಂಬುದು ಕಡತದಲ್ಲಿ ಇಲ್ಲವೇ ಇಲ್ಲ. ಅನಂತರ ಜಗದ್ವ್ಯಾಪಿಯಾದ ಯೂನಿಕೋಡ್ ಇದೇ ಕ್ರಮವನ್ನು ಅಂಗೀಕರಿಸಿ, ಕನ್ನಡಕ್ಕೆ 0C80ಯಿಂದ 0CFFವರೆಗೆ 128 ಸ್ಥಾನಗಳನ್ನು ಮೀಸಲಿಟ್ಟಿತು. ಅಕ್ಷರವೆಂದರೆ ಮೊದಲು ಧ್ವನಿ, ಬರೆಹ ಆಮೇಲಿನದು ಎಂಬ ತಿಳಿವಳಿಕೆ ನಮ್ಮ ವೈಯಾಕರಣರಿಗೆ ಹೊಸದೇನೂ ಅಲ್ಲ. ಕಂಪ್ಯೂಟರಿನವರು ಬಹಳ ದೂರ ಸುತ್ತಿ, ಹದಿಮೂರನೆಯ ಶತಮಾನದ ಕೇಶಿರಾಜನ ಜಗುಲಿಗೇ ಬಂದು ಕುಳಿತರೆಂದು ನನಗೆ ತೋರುತ್ತದೆ.

ಮೂರನೆಯದೊಂದು ಸ್ತರವೂ ಉಂಟು, ಬೆರಳಿನದು. ಕೆ.ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ 'ಎಫ್' ಕೀಲಿಯನ್ನೊತ್ತಿದರೆ ವ್ಯಂಜನದ ಸ್ವರ ಲೋಪವಾಗುತ್ತದೆ, ಮುಂದಿನ ವ್ಯಂಜನ ಅದಕ್ಕೆ ಒತ್ತಾಗಿ ಕೂಡುತ್ತದೆ; ಒತ್ತಕ್ಷರಗಳಿಗೆ ಬೇರೆ ಕೀಲಿಗಳೇ ಬೇಕಿಲ್ಲ. ಅತ್ಯಲ್ಪ ಕೀಲಿಗಳಿಂದ ಕನ್ನಡದ ಸಕಲ ಸಂಯುಕ್ತಾಕ್ಷರಗಳನ್ನೂ ಹುಟ್ಟಿಸುವ ಈ ವಿನ್ಯಾಸವನ್ನು ನಾನು ಕಲಿತ ದಿನ, ಒಳ್ಳೆಯ ಸೂತ್ರವೊಂದನ್ನು ಓದಿದಾಗ ಆಗುವ ಸಂತೋಷವಾಯಿತು. ಬೆರಳು, ನೆನಪು, ಕಣ್ಣು ಈ ಮೂರೂ ಬೇರೆಬೇರೆಯಾದ ಮೇಲೆ, ಒಬ್ಬನು ರಾಯರ ವಿನ್ಯಾಸದಲ್ಲಿಯೂ ಮತ್ತೊಬ್ಬನು ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿಯೂ ಬರೆಯಬಹುದು, ಮೂರನೆಯವನು ತನಗಿಷ್ಟವಾದ ಫಾಂಟಿನಲ್ಲಿ ಓದಬಹುದು. ನಡುವಣ ಪಠ್ಯ ಒಂದೇ.

ಹಾಗೆಂದು ಮೊದಲ ಮಾರ್ಗದವರನ್ನು ಹೀಗಳೆಯುವುದು ಕೃತಘ್ನತೆ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಇವು ಇಲ್ಲದೆ ಹೋಗಿದ್ದರೆ ಎರಡು ದಶಕಗಳ ಕನ್ನಡ ಬರವಣಿಗೆ ಕಂಪ್ಯೂಟರನ್ನು ಹೊಗುತ್ತಲೇ ಇರಲಿಲ್ಲ. ಎರಡೂ ಮುಂದೆ ಯೂನಿಕೋಡಿನತ್ತ ಸಾಗಿದವು. ಹಳೆಯ ಕಡತಗಳನ್ನು ಹೊಸ ಸಂಕೇತಕ್ಕೆ ಪರಿವರ್ತಿಸುವ ಕೆಲಸವನ್ನು ನೆನೆದಾಗಲೆಲ್ಲ ನನಗೆ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ಗುಡಿ ಕಣ್ಮುಂದೆ ನಿಲ್ಲುತ್ತದೆ. ಜಲಾಶಯದಲ್ಲಿ ಮುಳುಗಿ ಬೇಸಗೆಯಲ್ಲಿ ಮಾತ್ರ ತಲೆಯೆತ್ತುತ್ತಿದ್ದ ಆ ಹೊಯ್ಸಳರ ಕಾಲದ ಕಟ್ಟಡವನ್ನು ಕಲ್ಲುಕಲ್ಲಾಗಿ ಬಿಚ್ಚಿ ಹೊಸಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರಷ್ಟೆ. ಯಾವ ಕಲ್ಲು ಎಲ್ಲಿತ್ತೆಂಬ ಲೆಕ್ಕ ತಪ್ಪಿದರೆ ಗುಡಿ ಗುಡಿಯಾಗಿ ನಿಲ್ಲದು. ಫಾಂಟಿನ ಚೂರುಗಳಿಂದ ಅಕ್ಷರವನ್ನು ಮತ್ತೆ ಕಟ್ಟುವ ಪ್ರೋಗ್ರಾಮಿನದೂ ಅದೇ ಎಚ್ಚರ.

ಉತ್ತಮವಾದ ರಚನೆಯೂ ಎಲ್ಲಿಯಾದರೊಂದು ಕಡೆ ಸೋರದೆ ಇರುವುದಿಲ್ಲ. ರಕಾರಕ್ಕೆ ಸ್ವರಲೋಪವಾಗಿ ಮುಂದೆ ವ್ಯಂಜನ ಬಂದರೆ ಅರ್ಕಾವತ್ತನ್ನು ಬರೆ ಎಂಬುದು ಫಾಂಟಿಗೆ ಕೊಟ್ಟ ನಿಯಮ. ಸೂರ್ಯನಿಗೆ ಇದು ಸರಿ. ಪರೀಕ್ಷೆಯಲ್ಲಿ ಮಕ್ಕಳು ಗಳಿಸುವ 'ರ‍್ಯಾಂಕ್' ಬಂದಾಗಲೋ, ಓದುಗನು ರಕಾರವನ್ನು ಪೂರ್ಣವಾಗಿ ಬರೆದು ಅದರ ಕೆಳಗೆ ಯಕಾರದ ಒತ್ತನ್ನು ನಿರೀಕ್ಷಿಸುತ್ತಾನೆ. ಅದಕ್ಕಾಗಿ ರಕಾರಕ್ಕೂ ಸ್ವರಲೋಪದ ಚಿಹ್ನೆಗೂ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸಬೇಕಾಯಿತು. ನೋಡಿರಿ, ಕಣ್ಣಿನ ವಿಷಯವೊಂದು ಮತ್ತೆ ನೆನಪಿನೊಳಗೆ ನುಸುಳಿತು. ಆ ಸಂಕೇತವನ್ನು ಸೇರಿಸಿ ಬರೆದವನ ಪದವನ್ನು ಸೇರಿಸದೆ ಹುಡುಕುವವನಿಗೆ, ಯಂತ್ರವನ್ನು ಅದಕ್ಕೆಂದೇ ಪಳಗಿಸದ ಹೊರತು, ಅದು ಸಿಕ್ಕುವುದಿಲ್ಲ. ನನ್ನ ಮಟ್ಟಿಗೆ ಈ ಸೋರಿಕೆ ಕ್ಷಮ್ಯ. ಸೋರಿಕೆ ಎಲ್ಲಿದೆಯೆಂದು ಗೊತ್ತಿರುವ ಮನೆಯಲ್ಲಿ ಪಾತ್ರೆಯನ್ನಿಟ್ಟು ಮಳೆಗಾಲವನ್ನು ಕಳೆಯಬಹುದು.

ಕ್ಷಮೆಯೇ ಇಲ್ಲದ ತಪ್ಪೆಂದರೆ ಹೊರಗೆ ಪ್ರಕಟವಾದ ಹೆಸರಿನದು. ಹಳಗನ್ನಡದ ರಳವನ್ನು, ಎಂದರೆ 'ೞ' ಎಂಬ ಅಕ್ಷರವನ್ನು, ನೀವು ಬಲ್ಲಿರಿ. ಯೂನಿಕೋಡಿನ ಪಟ್ಟಿಯಲ್ಲಿ 0CDE ಎಂಬ ಸ್ಥಾನದಲ್ಲಿ ಅದಕ್ಕೆ ಮನೆ ಸಿಕ್ಕಿದೆ, ಆದರೆ ಬಾಗಿಲಿನ ಮೇಲೆ ಬರೆದ ಹೆಸರು 'ಕನ್ನಡ ಅಕ್ಷರ ಫ' ಎಂದು! ತಪ್ಪೆಂದು ಎಲ್ಲರೂ ಒಪ್ಪಿದರು. ಒಪ್ಪಿದರೂ ತಿದ್ದುವಂತಿಲ್ಲ, ಏಕೆಂದರೆ ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲವೆಂಬುದು ಆ ಮಾನಕದವರು ಲೋಕಕ್ಕೆ ಕೊಟ್ಟ ವಚನ, ಆ ವಚನವನ್ನು ನಂಬಿ ಬರೆದ ಪ್ರೋಗ್ರಾಮುಗಳು ಎಲ್ಲೆಲ್ಲಿವೆಯೋ ಯಾರಿಗೂ ತಿಳಿಯದು. ಆದುದರಿಂದ ಮೂಲಹೆಸರನ್ನು ಹಾಗೆಯೇ ಬಿಟ್ಟು, ಸರಿಯಾದ ಹೆಸರನ್ನು ಉಪನಾಮವಾಗಿ ಪಕ್ಕದಲ್ಲಿ ನಮೂದಿಸಿದ್ದಾರೆ. ಕನ್ನಡಿಗರ ಬಾಯಿಂದ ಎಂದೋ ಮರೆಯಾದ ಅಕ್ಷರವೊಂದು ತಪ್ಪು ಹೆಸರಿನಿಂದ ಚಿರಂಜೀವಿಯಾಯಿತು.

ನನ್ನದೇ ಒಂದು ತಪ್ಪನ್ನು ಹೇಳದಿದ್ದರೆ ಈ ಮಾತೆಲ್ಲ ಪರನಿಂದೆಯಾದೀತು. ಉದ್ಯೋಗಕ್ಕೆ ಸೇರಿದ ಹೊಸದರಲ್ಲಿ, ರೈತರ ಹಿಡುವಳಿಗಳನ್ನು ಕೂಡಿಸಿ ತೋರಿಸುವ ಸಣ್ಣದೊಂದು ಪ್ರೋಗ್ರಾಮನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆ ಎಂದು ಬರೆಯುತ್ತಾರೆ. ಒಂದೆಕರೆ ಇಪ್ಪತ್ತು ಗುಂಟೆಯನ್ನು 1.20 ಎಂದು ಬರೆಯುವುದು ವಾಡಿಕೆ. ಚುಕ್ಕಿಯನ್ನು ಕಂಡ ಕೂಡಲೆ ನಾನು ಅದನ್ನು ದಶಮಾಂಶವೆಂದು ತಿಳಿದು ಹಾಗೆಯೇ ಶೇಖರಿಸಿದೆನು. ಈ ಮಣ್ಣಿನಲ್ಲಿ ಹುಟ್ಟಿ, ನಲವತ್ತು ಗುಂಟೆಗೆ ಒಂದೆಕರೆಯೆಂದು ಮಗ್ಗಿಯೊಡನೆ ಕಲಿತವನು ಮಾಡಿದ ಘನಕಾರ್ಯವಿದು! ಕಚೇರಿಯ ಹಿರಿಯ ಗುಮಾಸ್ತರೊಬ್ಬರು ಕಾಗದವನ್ನು ನೋಡಿ, "ಇಪ್ಪತ್ತೈದು ಗುಂಟೆಯೂ ಇಪ್ಪತ್ತೈದು ಗುಂಟೆಯೂ ಸೇರಿದರೆ ಒಂದೆಕರೆ ಹತ್ತು ಗುಂಟೆಯಲ್ಲವೇ ಸ್ವಾಮಿ, ನಿಮ್ಮ ಯಂತ್ರ 0.50 ಎನ್ನುತ್ತಿದೆಯಲ್ಲ?" ಎಂದರು. ಅದಕ್ಕಿಂತಲೂ ಕೆಟ್ಟುದೆಂದರೆ, ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ಯಂತ್ರ 1.30ನ್ನು 1.3 ಮಾಡಿಬಿಟ್ಟಿತ್ತು, ಅದು ಮೂವತ್ತು ಗುಂಟೆಯೋ ಮೂರು ಗುಂಟೆಯೋ ದೇವರೇ ಬಲ್ಲ. ಪರಿಹಾರ ಸರಳವಾಗಿತ್ತು. ಗುಂಟೆಗೆ 16 ಆಣೆ, ಆದುದರಿಂದ ಎಕರೆಗೆ 640 ಆಣೆ. ಎಲ್ಲವನ್ನೂ ಆಣೆಗಳ ಪೂರ್ಣಾಂಕವಾಗಿ ಒಳಗಿಟ್ಟು, ಹೊರಗೆ ತೋರಿಸುವಾಗ ಮಾತ್ರ ಎಕರೆ ಗುಂಟೆಗಳಾಗಿ ಒಡೆದರೆ ಆಯಿತು. ಪರಿಹಾರ ಸರಳ, ಜಾರಿ ಮಾತ್ರ ಹಿಂಸೆ. ಏಕೆಂದರೆ ಆ ಚುಕ್ಕಿಯನ್ನು ಕೂಡಿಸುವ, ಕಳೆಯುವ, ಅಚ್ಚುಮಾಡುವ ಸಾಲುಗಳನ್ನು ನಾನು ಪ್ರೋಗ್ರಾಮಿನ ತುಂಬ ಎರಚಿದ್ದೆನು. ವಿಸ್ತೀರ್ಣವೆಂಬುದು ಒಂದು ಸಂಖ್ಯೆಯಲ್ಲ, ತನ್ನದೇ ಕಟ್ಟಳೆಯುಳ್ಳ ಒಂದು ಪದಾರ್ಥವೆಂದು ಮೊದಲೇ ತಿಳಿದು ಅದಕ್ಕೊಂದು ಪುಟ್ಟ ಮಾಡ್ಯೂಲನ್ನು ಕಟ್ಟಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯಬಹುದಾಗಿದ್ದ ಕೆಲಸ ಮೂರು ವಾರಗಳನ್ನು ನುಂಗಿತು.

ಪಹಣಿಯ ಮಾತು ಬಂದರೆ 'ಭೂಮಿ'ಯನ್ನು ಬಿಡಲಾಗದು. 2000ದ ಆಸುಪಾಸಿನಲ್ಲಿ ನಮ್ಮ ರಾಜ್ಯದಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಪ್ರತಿಯನ್ನು ಕೊಡಲಾರಂಭಿಸಿದುದು ದೇಶವೇ ತಿರುಗಿ ನೋಡಿದ ಕಾರ್ಯ. ಅದರಲ್ಲಿ ನನಗೆ ಮೆಚ್ಚುಗೆಯಾದದ್ದು ಅದರ ಗಾತ್ರಕ್ಕಿಂತ ಹೆಚ್ಚಾಗಿ ಒಂದು ಸಣ್ಣ ನಿಯಮ: ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಇತ್ಯರ್ಥಪಡಿಸಬೇಕು, ಮುಂದಿನದನ್ನು ದಾಟಿ ಹಿಂದಿನದಕ್ಕೆ ಕೈಹಾಕಲು ತಂತ್ರಾಂಶವೇ ಎಡೆಗೊಡದು. ಒಬ್ಬ ಬಡ ರೈತನ ಅರ್ಜಿ ಮೇಜಿನ ತಳ ಸೇರುವುದನ್ನು ತಪ್ಪಿಸಲು ಸುತ್ತೋಲೆಗಳಿಂದ ಆಗದ ಕೆಲಸವನ್ನು ರಚನೆಯೇ ಮಾಡಿತು. ನೀತಿಯನ್ನು ಗೋಡೆಯ ಮೇಲೆ ಬರೆಯುವುದಕ್ಕಿಂತ ಗೋಡೆಯನ್ನೇ ಆ ನೀತಿಗೆ ತಕ್ಕಂತೆ ಕಟ್ಟುವುದು ಹೆಚ್ಚು ದಕ್ಷವಾದ ಉಪಾಯ.

ಆದರೆ ಇರುವುದು ಭೂಮಿಯೊಂದೇ ಅಲ್ಲ. ಕಂದಾಯ ಇಲಾಖೆಗೆ 'ಭೂಮಿ', ನೋಂದಣಿ ಇಲಾಖೆಗೆ 'ಕಾವೇರಿ', ಸರ್ವೆಯವರಿಗೆ 'ಮೋಜಿಣಿ'. ಒಂದೇ ಗದ್ದೆ, ಅದರ ಒಡೆತನ ಒಂದು ತಂತ್ರಾಂಶದಲ್ಲಿ, ಅದರ ಕ್ರಯ ಇನ್ನೊಂದರಲ್ಲಿ, ಅದರ ನಕ್ಷೆ ಮತ್ತೊಂದರಲ್ಲಿ. ಹೊರಗಿನವನಿಗೆ ಇದು ವಿಚಿತ್ರವಾಗಿ ಕಂಡೀತು. ಮೆಲ್ವಿನ್ ಕಾನ್ವೇ ಎಂಬವರನ್ನು ಓದಿದವನಿಗೆ ಕಾಣದು. ಒಂದು ಸಂಸ್ಥೆ ರಚಿಸುವ ವ್ಯವಸ್ಥೆಯ ಆಕಾರ, ಆ ಸಂಸ್ಥೆಯಲ್ಲಿ ಯಾರು ಯಾರೊಡನೆ ಮಾತನಾಡುತ್ತಾರೆಂಬುದರ ಪಡಿಯಚ್ಚಾಗಿರುತ್ತದೆಂದು ಅವರು 1968ರಷ್ಟು ಹಿಂದೆಯೇ ವಾದಿಸಿದ್ದರು. ಮೂರು ಇಲಾಖೆಗಳು, ಮೂರು ಬಾಗಿಲುಗಳು, ಮೂರು ತಂತ್ರಾಂಶಗಳು. ಇವುಗಳನ್ನು ಒಂದೇ ಮಹಾತಂತ್ರಾಂಶವಾಗಿ ಕರಗಿಸಬೇಕಿತ್ತೆಂದು ವಾದಿಸುವ ಮಿತ್ರರಿದ್ದಾರೆ; ನಾನು ಆ ಪಕ್ಷದವನಲ್ಲ. ನೋಂದಣಿಯಾದ ಕೂಡಲೆ ಆ ಸುದ್ದಿ ಕಾವೇರಿಯಿಂದ ಭೂಮಿಗೆ ತಾನಾಗಿ ಹರಿಯುವಂತೆಯೂ, ಸರ್ವೆ ನಂಬರಿನ ಒಂದು ಭಾಗವನ್ನು ಮಾರುವವನು ಮೊದಲು ಮೋಜಿಣಿಯಿಂದ 11ಇ ನಕ್ಷೆಯನ್ನು ಪಡೆಯುವಂತೆಯೂ ನಡುನಡುವೆ ತೂಬುಗಳನ್ನಿಟ್ಟರಲ್ಲ, ಅದೇ ಸರಿಯಾದ ದಾರಿ. ಇಲಾಖೆಗಳನ್ನು ಒಂದುಗೂಡಿಸದೆ ತಂತ್ರಾಂಶವನ್ನು ಮಾತ್ರ ಒಂದುಗೂಡಿಸಹೊರಟವನು, ದಾಯಾದಿಗಳ ನಡುವಣ ಗೋಡೆಯನ್ನು ಅವರನ್ನು ಕೇಳದೆ ಕೆಡವಿದವನಂತೆ, ಎರಡೂ ಕಡೆಯಿಂದ ಬೈಗಳನ್ನು ತಿನ್ನುತ್ತಾನೆ.

ಇಲ್ಲಿ ತರುಣರು ಒಂದು ಪ್ರಶ್ನೆಯನ್ನು ಕೇಳಬಹುದು: ನಾಳೆ ಬದಲಾಗುವುದು ಯಾವುದೆಂದು ಇಂದು ಹೇಗೆ ತಿಳಿಯುವುದು? ಎಲ್ಲಕ್ಕೂ ತೂಬನ್ನಿಡುತ್ತ ಹೋದರೆ ಬಯಲೆಲ್ಲ ತೂಬಾಗಿ ಬೆಳೆಗೆ ಜಾಗವೇ ಉಳಿಯದಲ್ಲ? ಪ್ರಶ್ನೆ ನ್ಯಾಯವಾದದ್ದು. ಬಾರದ ನೆಂಟರಿಗೆಂದು ಹತ್ತು ಕೋಣೆಗಳನ್ನು ಕಟ್ಟಿ ಕೊನೆಗೆ ಕಸವನ್ನು ತುಂಬಿದ ತಂತ್ರಾಂಶಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಒಂದೆರಡನ್ನು ಸ್ವತಃ ಕಟ್ಟಿಯೂ ಇದ್ದೇನೆ. ಇದಕ್ಕೆ ಉತ್ತರವನ್ನು ಹುಡುಕಲು ಇಲ್ಲಿಂದ ಬಹುದೂರ ಹೋಗಬೇಕಾಗಿಲ್ಲ.

1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾದಾಗ, ವಿಶ್ವೇಶ್ವರಯ್ಯನವರ ಮನಸ್ಸಿನಲ್ಲಿದ್ದುದು 41.5 ಟಿ.ಎಂ.ಸಿ. ನೀರನ್ನು ನಿಲ್ಲಿಸುವ ದೊಡ್ಡ ಕಟ್ಟೆ. ಮದರಾಸು ಸರಕಾರದ ವಿರೋಧದಿಂದಾಗಿ ದೊರೆತ ಒಪ್ಪಿಗೆಯಾದರೋ 11 ಟಿ.ಎಂ.ಸಿ.ಯ ಚಿಕ್ಕ ಕಟ್ಟೆಗೆ. ಅವರು ಅಸ್ತಿವಾರವನ್ನು ದೊಡ್ಡ ಕಟ್ಟೆಯ ಅಗಲಕ್ಕೇ ಹಾಕಿಸಿದರು. ಮೇಲಿನ ಗೋಡೆಯನ್ನು ಮುಂದೆ ಎತ್ತರಿಸಬಹುದು, ಹೊಳೆಯ ತಳದ ಅಸ್ತಿವಾರವನ್ನು ನೀರು ನಿಂತ ಮೇಲೆ ಅಗಲಿಸಲಾಗದು. ಇದರಿಂದ ಮದರಾಸಿನೊಡನೆ ವ್ಯಾಜ್ಯ ಬೆಳೆದು, 1914ರಲ್ಲಿ ಮಧ್ಯಸ್ಥರ ತೀರ್ಪು, 1924ರಲ್ಲಿ ಒಪ್ಪಂದ ಎಂದು ಅನೇಕ ವರ್ಷಗಳು ಹಿಡಿದವು. ಅಗಲವಾದ ಅಸ್ತಿವಾರ ಬಿಟ್ಟಿಯಾಗಿ ಬರುವುದಿಲ್ಲವೆಂಬುದನ್ನೂ ಮರೆಯಬಾರದು. ಆದರೆ ಇಂದು ಮಂಡ್ಯದ ಜನ ಬೆಳಗಿನ ಪತ್ರಿಕೆಯಲ್ಲಿ ಮೊದಲು ಹುಡುಕುವ 124.80 ಅಡಿ ಎಂಬ ಅಂಕಿ ಆ ಅಸ್ತಿವಾರದ ಮೇಲೆಯೇ ನಿಂತಿದೆ. ತಂತ್ರಾಂಶದಲ್ಲಿ ಅಸ್ತಿವಾರವೆಂದರೆ, ದತ್ತಾಂಶವನ್ನು ಶೇಖರಿಸುವ ರೂಪ ಮತ್ತು ಹೊರಗಿನವರಿಗೆ ಕೊಟ್ಟ ಹೆಸರುಗಳು, ಇವೆರಡೇ. ಎಕರೆ ಗುಂಟೆಯ ಚುಕ್ಕಿ ಮೊದಲನೆಯದು, ಹಳಗನ್ನಡದ ರಳದ ತಪ್ಪು ಹೆಸರು ಎರಡನೆಯದು. ಇವುಗಳ ವಿಷಯದಲ್ಲಿ ಎಷ್ಟು ಕಾಲ ಕುಳಿತು ಯೋಚಿಸಿದರೂ ಹೆಚ್ಚಲ್ಲ. ಮಿಕ್ಕದ್ದನ್ನೆಲ್ಲ ಇಂದಿನ ಅಗತ್ಯಕ್ಕೆ ತಕ್ಕಷ್ಟೇ ಎತ್ತರಕ್ಕೆ ಕಟ್ಟಿ ನಿಲ್ಲಿಸಬಹುದು.

ಸಮಯ ಸಾಲದಿದ್ದಾಗ ಅಡ್ಡದಾರಿಯನ್ನು ಹಿಡಿಯಬೇಕಾಗುವುದೂ ಉಂಟು. ವಾರ್ಡ್ ಕನಿಂಗ್‌ಹ್ಯಾಮ್ ಎಂಬವರು 1992ರಲ್ಲಿ ಅದನ್ನು ಸಾಲಕ್ಕೆ ಹೋಲಿಸಿದರು. ಬೇಗ ತೀರಿಸಿದರೆ ಸಾಲ ಉಪಕಾರಿ, ಬಿಟ್ಟರೆ ಬಡ್ಡಿಯೇ ಅಸಲನ್ನು ಮೀರುತ್ತದೆ. ಕಬ್ಬಿನ ಹಣ ಬರುವುದರೊಳಗಾಗಿ ಕೈಸಾಲ ಮಾಡಿದವರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ.

ಕೊನೆಯದಾಗಿ ಒಂದು ಅಭ್ಯಾಸದ ವಿಷಯ. ಕೋಡು ಏನನ್ನು ಮಾಡುತ್ತದೆಂಬುದನ್ನು ಕೋಡೇ ಹೇಳುತ್ತದೆ. ಏಕೆ ಹಾಗೆ ಮಾಡುತ್ತದೆಂಬುದನ್ನು ಹೇಳಲಾರದು. ಆದುದರಿಂದ ಒಂದು ದೊಡ್ಡ ನಿರ್ಧಾರವನ್ನು ಕೈಗೊಂಡ ದಿನ, ತಾರೀಖನ್ನು ಹಾಕಿ, ಇದ್ದ ದಾರಿಗಳು ಯಾವುವು, ಇದನ್ನೇ ಏಕೆ ಹಿಡಿದೆವು, ಯಾವುದನ್ನು ತಿಳಿದೂ ತಿಳಿದೂ ಬಿಟ್ಟೆವು ಎಂದು ಅರ್ಧ ಪುಟವನ್ನು ಬರೆದು ಕೋಡಿನ ಪಕ್ಕದಲ್ಲಿಯೇ ಇಡುವ ಅಭ್ಯಾಸವನ್ನು ನಾನು ತಡವಾಗಿ ಕಲಿತೆನು. ಮೂರು ವಾರಗಳ ಆ ಆಣೆಯ ಪ್ರಕರಣ ಮುಗಿದ ದಿನ ಬರೆದದ್ದೇ ನನ್ನ ಮೊದಲ ಅರ್ಧ ಪುಟ. ಹನ್ನೆರಡು ವರ್ಷಗಳ ಅನಂತರ, ನಾನು ಆ ಕೆಲಸವನ್ನು ಬಿಟ್ಟು ಎಷ್ಟೋ ಕಾಲವಾದ ಮೇಲೆ, ಪರಿಚಯವಿಲ್ಲದ ಹುಡುಗಿಯೊಬ್ಬಳು ಫೋನು ಮಾಡಿ, "ಸಾರ್, ವಿಸ್ತೀರ್ಣವನ್ನು 640ರಿಂದ ಗುಣಿಸಿಟ್ಟಿದ್ದೀರಲ್ಲ, ತೆಗೆದುಬಿಡೋಣ ಅಂತಿದ್ದೆ. ಪಕ್ಕದಲ್ಲಿದ್ದ ನಿಮ್ಮ ಟಿಪ್ಪಣಿ ಓದಿ ಬಿಟ್ಟೆ" ಎಂದಳು. ಹೆಸರನ್ನು ಕೇಳುವುದರೊಳಗೆ ಲೈನು ಕಡಿಯಿತು.

ಹೇಳಬೇಕಾದುದು ಇನ್ನೂ ಸ್ವಲ್ಪ ಉಳಿದಿತ್ತು. ಆದರೆ ಹಿಂದಿನ ಸಾಲಿನಲ್ಲಿ ಚಿಕ್ಕಪ್ಪನವರು ಆಗಲೇ ಎದ್ದು ನಿಂತು ಟವಲನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದಾರೆ. ಈ ಹೊತ್ತು ರಾತ್ರಿಯ ಕಟ್ಟುನೀರಿನ ಸರದಿ ನಮ್ಮ ಬಯಲಿನದೆಂದೂ, ಎಂಟು ಗಂಟೆಗೆ ನೀರುಗಂಟಿ ತೂಬಿನ ಬಳಿ ಕಾಯುತ್ತಾನೆಂದೂ ಅವರು ಬೆಳಿಗ್ಗೆಯೇ ನನಗೆ ಎಚ್ಚರಿಕೆ ಕೊಟ್ಟಿದ್ದರು. ನಿಮ್ಮಲ್ಲಿಯೂ ಹಲವರು ಅತ್ತ ಹೋಗಬೇಕಾದವರೇ ಇರಬೇಕು.